ಜಪಾನಿನ ಹಳೇ ಕಾಫಿ ಅಂಗಡಿಯಲ್ಲಿ ಕೂರುವುದು ಹೇಗೆ

ನಗೋಯಾಕ್ಕೆ ಬಂದ ಹೊಸತು. ಮನೆ ಹತ್ತಿರದ ಒಂದು ಕಾಫಿ ಅಂಗಡಿಗೆ ಒಬ್ಬಳೇ ಹೋಗಿ, ಕೈಸನ್ನೆಯಲ್ಲೇ ಕಾಫಿ ಹೇಳಿ, ಬಂದದ್ದನ್ನು ಊದಿ ಊದಿ ಕುಡಿದು ಹತ್ತು ನಿಮಿಷದೊಳಗೆ ಎದ್ದೆ. ದುಡ್ಡು ಕೊಡಲು ಹೋದರೆ ಗಲ್ಲಾದ ಹಿಂದಿದ್ದ ಯಜಮಾನರ ಮುಖ ಸಪ್ಪಗಿತ್ತು. ಏನೋ ಕೇಳಿದರು, ಅರ್ಥವಾಗಲಿಲ್ಲ, ಹೂಂ ಹೂಂ ಅಂತ ತಲೆಯಾಡಿಸಿ ಬಂದುಬಿಟ್ಟೆ. ಕೆಲವು ತಿಂಗಳು ಭಾಷೆ ಕಲಿತ ಮೇಲೆ ಆ ಮಾತು ನೆನಪಾಗಿ ಅರ್ಥವಾಯಿತು. "ಬಾಯಿಗೆ ಹಿಡಿಸಲಿಲ್ಲವೇ?" ಅಂತ ಕೇಳಿದ್ದರು. ನಾನು ಹೂಂ ಅಂದಿದ್ದೆ.

ಕಾಫಿ ಚೆನ್ನಾಗಿಯೇ ಇತ್ತು. ಬೇಗ ಎದ್ದದ್ದೇ ತಪ್ಪಾಗಿತ್ತು.

ನಾನು ಕಳಸದ ಕಡೆಯವಳು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಲೋಟ ಖಾಲಿ ಮಾಡಿ ಓಡುವುದನ್ನು ಕಲಿತವಳು. ತೋಟದ ಮನೆಯಲ್ಲಿ ಬೆಳೆದರೂ ಕಾಫಿ ಕುಡಿಯಲು ಅಂತ ಯಾರೂ ಕೂತದ್ದು ನೋಡಿಲ್ಲ. ಕೂತವರಿಗೆ ಕಾಫಿ ಕೊಡುತ್ತಿದ್ದರು, ಅಷ್ಟೇ. ಈಗ ಹನ್ನೊಂದು ವರ್ಷದಿಂದ ಇಲ್ಲಿ ಯಂತ್ರಗಳ ಕೈಪಿಡಿ ಅನುವಾದ ಮಾಡಿಕೊಂಡಿದ್ದೇನೆ. ಊರಿನಿಂದ ಬರುವವರಿಗೆ, ಬರುತ್ತೇನೆ ಅಂತ ಫೋನ್ ಮಾಡುವವರಿಗೆ ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಹೊಳೆಯುವ ಗಾಜಿನ ಹೊಸ ಕೆಫೆಗಳಿಗೆ ಯಾರ ಮಾರ್ಗದರ್ಶನವೂ ಬೇಡ. ಇದು ಹಳೇ ಅಂಗಡಿಗಳ ಮಾತು. ಇಲ್ಲಿ ಅದಕ್ಕೆ ಕಿಸ್ಸಾತೆನ್ ಅನ್ನುತ್ತಾರೆ.

ಹೆಸರಿನಲ್ಲಿ ಟೀ, ಲೋಟದಲ್ಲಿ ಕಾಫಿ

'ಕಿಸ್ಸಾ' ಅಂದರೆ ಟೀ ಕುಡಿಯುವುದು, 'ತೆನ್' ಅಂದರೆ ಅಂಗಡಿ. ಕೊಡುವುದು ಮಾತ್ರ ಕಾಫಿ. 1888ರಲ್ಲಿ ಟೋಕಿಯೋದ ಉಯೆನೋದಲ್ಲಿ ತೇಯ್ ಎಯ್‌ಕೇಯ್ ಎಂಬುವನು ಇಂಥ ಮೊದಲ ಅಂಗಡಿ ತೆರೆದ. ಬಿಲಿಯರ್ಡ್ಸ್ ಮೇಜು, ಪತ್ರಿಕೆ, ಪುಸ್ತಕ ಎಲ್ಲ ಇಟ್ಟಿದ್ದನಂತೆ. ನಾಲ್ಕೈದು ವರ್ಷದೊಳಗೆ ಬಾಗಿಲು ಹಾಕಿದ. ಪಾಪ, ಕಾಲಕ್ಕಿಂತ ಮುಂಚೆ ಹುಟ್ಟಿದ ಮನುಷ್ಯ. ಆದರೆ ಕಾಫಿಯ ನೆಪದಲ್ಲಿ ಜನ ಬಂದು ಕೂರಲಿ ಎಂಬ ಅವನ ಲೆಕ್ಕಾಚಾರವೇ ಇಂದಿಗೂ ಈ ಅಂಗಡಿಗಳ ಜೀವ.

ಕಾಫಿ ಜನಸಾಮಾನ್ಯರಿಗೆ ತಲುಪಿದ ಕಥೆ ತೋಟದ ಮನೆಯವಳಾದ ನನಗೆ ಇನ್ನೂ ರುಚಿ. 1908ರಲ್ಲಿ ಕಸಾತೋ ಮಾರು ಎಂಬ ಹಡಗಿನಲ್ಲಿ ಜಪಾನಿನ ಮೊದಲ ವಲಸಿಗರ ತಂಡ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಕೂಲಿಗೆ ಹೋಯಿತು. ಅದನ್ನು ಕರೆದುಕೊಂಡು ಹೋದವನು ಮಿಜುನೋ ರ‍್ಯೋ. ಅದಕ್ಕೆ ಪ್ರತಿಯಾಗಿ ಸಾವ್ ಪಾವ್ಲೋ ಸರ್ಕಾರ ಅವನಿಗೆ ಪುಕ್ಕಟೆ ಕಾಫಿ ಬೀಜ ಕೊಟ್ಟಿತು. ಅಲ್ಲಿ ಬೆಳೆ ಹೆಚ್ಚಾಗಿ, ಕೊಳ್ಳುವವರನ್ನು ಹುಡುಕುತ್ತಿದ್ದ ಕಾಲ ಅದು. 1911ರಲ್ಲಿ ಅವನು ಟೋಕಿಯೋದ ಗಿಂಜಾದಲ್ಲಿ 'ಕಾಫೆ ಪೌಲಿಸ್ತಾ' ತೆರೆದು ಲೋಟಕ್ಕೆ ಐದು ಸೆನ್‌ನಂತೆ ಮಾರಿದ. ನೂರು ಸೆನ್ ಸೇರಿದರೆ ಒಂದು ಯೆನ್. ಆ ಹೆಸರಿನ ಅಂಗಡಿ ಇಂದಿಗೂ ಗಿಂಜಾದಲ್ಲಿದೆ. ಅಲ್ಲಿ ಕಾಫಿ ಕುಡಿಯುವಾಗಲೆಲ್ಲ ನನಗೆ ಕಣ್ಣಿಗೆ ಬರುವುದು ಹಡಗು ಹತ್ತಿದ ಆ ಕೂಲಿಗಳು. ಹಣ್ಣು ಕೊಯ್ಯುವವರ ಬೆರಳು ಹೇಗಿರುತ್ತದೆ ಅಂತ ನನಗೆ ಗೊತ್ತು.

ಯುದ್ಧದ ಹೊತ್ತಿಗೆ ಕಾಫಿ ನಿಂತೇಹೋಗಿ, 1950ರಲ್ಲಿ ಆಮದು ಮತ್ತೆ ಶುರುವಾಯಿತು. ಅಲ್ಲಿಂದ ಬೀದಿಗೊಂದರಂತೆ ಕಿಸ್ಸಾತೆನ್ ಎದ್ದವು. 1981ರಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಇದ್ದವು. 2016ರ ಹೊತ್ತಿಗೆ ಉಳಿದದ್ದು ಸುಮಾರು 67 ಸಾವಿರ. 1980ರಲ್ಲಿ ಟೋಕಿಯೋದ ಹರಾಜುಕುವಿನಲ್ಲಿ ದೋತೋರು ಕಂಪನಿ ನಿಂತು ಕುಡಿಯುವ ಅಂಗಡಿ ತೆಗೆದು 150 ಯೆನ್‌ಗೆ ಕಾಫಿ ಕೊಡತೊಡಗಿತು. ನಮ್ಮ ದರ್ಶಿನಿಯ ಹಾಗೆಯೇ. ಕೂರಲು ಪುರುಸೊತ್ತಿಲ್ಲದವರು ಅತ್ತ ಹೋದರು. ಇತ್ತ ಯಜಮಾನರಿಗೆ ವಯಸ್ಸಾಯಿತು, ಮಕ್ಕಳು ಕಂಪನಿ ಸೇರಿದರು. ಇದನ್ನು ನಾನು ಯಾವ ಅಂಕಿಅಂಶವೂ ಇಲ್ಲದೆ ಹೇಳಬಲ್ಲೆ. ನಮ್ಮ ಬೀದಿಯಲ್ಲೇ ಎರಡು ಮುಚ್ಚಿವೆ. ಒಂದು ಈಗ ಹಲ್ಲಿನ ಡಾಕ್ಟರ ಶಾಪು.

ಗುರುತು ಹಿಡಿಯುವುದು

ಮೊಬೈಲ್ ನಕ್ಷೆಯಲ್ಲಿ ನಕ್ಷತ್ರ ಎಣಿಸಬೇಡಿ. ಒಳ್ಳೆಯ ಕಿಸ್ಸಾತೆನ್‌ಗೆ ಬರುವವರು ವಿಮರ್ಶೆ ಬರೆಯುವ ವಯಸ್ಸಿನವರಲ್ಲ. ರೈಲ್ವೆ ಸ್ಟೇಷನ್ನಿನಿಂದ ಒಂದು ಅಡ್ಡರಸ್ತೆ ಒಳಗೆ ನಡೆಯಿರಿ. ಕಾಫಿ ಬೀಜದ ಕಂಪನಿ ಕೊಟ್ಟ ದೀಪದ ಬೋರ್ಡು ಬಾಗಿಲ ಮುಂದೆ ಇರುತ್ತದೆ, ಅದರ ಕೆಳಗೆ ಅಂಗಡಿ ಹೆಸರು. ಪಕ್ಕದಲ್ಲಿ ಗಾಜಿನ ಪೆಟ್ಟಿಗೆ. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ತಿಂಡಿಗಳ ನಕಲು: ಹಸಿರು ಸೋಡಾ ಮೇಲೆ ಐಸ್‌ಕ್ರೀಮಿನ ಉಂಡೆ, ಫೋರ್ಕು ಗಾಳಿಯಲ್ಲೇ ನಿಂತ ಕೆಂಪು ಸ್ಪಗೆಟ್ಟಿ. ಬಿಸಿಲಿಗೆ ಬಣ್ಣ ಮಾಸಿರಬೇಕು. ನಕಲು ಹೊಸದಾಗಿ ಹೊಳೆಯುತ್ತಿದ್ದರೆ ನನಗೆ ಅನುಮಾನ. ಹಳೇ ಕಾಲದ ವೇಷ ಹಾಕಿಕೊಂಡ ಹೊಸ ಅಂಗಡಿಗಳು ಈಗ ಬಹಳ. ಅವೂ ಕೆಟ್ಟದ್ದೇನಲ್ಲ, ಆದರೆ ಕ್ಯೂ ನಿಲ್ಲಬೇಕಾಗುತ್ತದೆ.

ಬಾಗಿಲ ಮುಂದೆ ಮುದುಕರ ಸೈಕಲ್ ನಾಲ್ಕು ನಿಂತಿದ್ದರೆ ಕಣ್ಣು ಮುಚ್ಚಿ ಒಳಗೆ ಹೋಗಿ.

ಕೆಲವು ಬೋರ್ಡಿನಲ್ಲಿ 'ಜುನ್‌ಕಿಸ್ಸಾ' ಅಂತ ಇರುತ್ತದೆ, ಶುದ್ಧ ಕಿಸ್ಸಾ ಅಂತ ಅರ್ಥ. ಹಿಂದೆ ಕಾಫಿ ಹೆಸರಲ್ಲಿ ಹೆಂಡ, ಹೆಣ್ಣುಗಳ ಸಾಂಗತ್ಯ ಮಾರುವ ಅಂಗಡಿಗಳೂ ಇದ್ದವು. ನಮ್ಮಲ್ಲಿ ಅಂಥದ್ದೇನಿಲ್ಲ, ಬರೀ ಕಾಫಿ, ಅಂತ ಹೇಳಿಕೊಳ್ಳಲು ಹುಟ್ಟಿದ ಹೆಸರು ಅದು. ನಮ್ಮಲ್ಲಿ 'ಶುದ್ಧ ಸಸ್ಯಾಹಾರಿ' ಬರೆದುಕೊಂಡ ಹಾಗೆ. ಕಿಸ್ಸಾತೆನ್‌ಗೆ ಅಂತಲೇ ಬೇರೆ ಪರವಾನಗಿ ಇತ್ತು, ಮದ್ಯ ಮಾರುವಂತಿರಲಿಲ್ಲ. 2021ರ ಜೂನ್‌ನಲ್ಲಿ ಕಾನೂನು ಬದಲಾಗಿ ಆ ಪರವಾನಗಿಯೇ ಹೋಯಿತು. ಈಗ ಎಲ್ಲವೂ ಒಂದೇ ಬಗೆಯ ಊಟದ ಅಂಗಡಿ.

ಬಾಗಿಲಲ್ಲಿ ಸಿಗರೇಟಿನ ಗುರುತನ್ನೂ ನೋಡಿಕೊಳ್ಳಿ. 2020ರ ಏಪ್ರಿಲ್‌ನಿಂದ ಒಳಗೆ ಸೇದುವುದಕ್ಕೆ ನಿರ್ಬಂಧ ಬಂದಿದೆ, ಆದರೆ ಹಳೆಯ ಸಣ್ಣ ಅಂಗಡಿಗಳಿಗೆ ವಿನಾಯಿತಿ ಉಂಟು. ಹಾಗಾಗಿ ಚೆನ್ನಾದ ಹಳೇ ಅಂಗಡಿಯೇ ಹೊಗೆ ತುಂಬಿದ ಅಂಗಡಿಯೂ ಆಗಿರಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದೊಂದನ್ನು ಮರೆಯಬೇಡಿ. ನಾನು ಚಳಿಗಾಲದಲ್ಲಿ ಒಮ್ಮೆ ಹೊಸ ಉಣ್ಣೆ ಕೋಟು ಹಾಕಿಕೊಂಡು ಹೋಗಿ, ಮೂರು ದಿನ ಅದನ್ನು ಬಾಲ್ಕನಿಯಲ್ಲಿ ನೇತುಹಾಕಿದ್ದೆ.

ಒಳಗೆ ಹೋದ ಮೇಲೆ

ಬಾಗಿಲಿಗೆ ಕಟ್ಟಿದ ಗಂಟೆ ಕಿಣಿಕಿಣಿ ಅನ್ನುತ್ತದೆ. ಅಲ್ಲೇ ನಿಲ್ಲಿ. ಎಷ್ಟು ಜನ ಅಂತ ಬೆರಳು ತೋರಿಸಿ. 'ಎಲ್ಲಿ ಬೇಕಾದರೂ' ಅನ್ನುವ ಹಾಗೆ ಕೈ ಬೀಸಿದರೆ ಮೇಜಿಗೆ ಹೋಗಿ, ಮೊದಲ ಸಲಕ್ಕೆ ಕೌಂಟರಿಗೆ ಹೋಗಬೇಡಿ. ಕೌಂಟರಿನ ಕುರ್ಚಿಗಳಿಗೆ ಕಾಣದ ವಾರಸುದಾರರಿರುತ್ತಾರೆ. ನಾನು ಖಾಯಂ ಹೋಗುವಲ್ಲಿ ಗೋಡೆ ಪಕ್ಕದ ಕುರ್ಚಿ ನಿವೃತ್ತ ಮೇಷ್ಟ್ರೊಬ್ಬರದ್ದು. ಬೆಳಿಗ್ಗೆ ಎಂಟೂವರೆಗೆ ಅವರು ಬರುತ್ತಾರೆ. ಅವರು ಬಾರದ ದಿನ ಕೂಡ ಅಲ್ಲಿ ಯಾರೂ ಕೂರುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಮೇಜು ಮೊಣಕಾಲಿಗೆ ತಾಗುವಷ್ಟು ಕುಳ್ಳು, ಕುರ್ಚಿಗೆ ಸವೆದ ಮಖಮಲ್ಲು. ಅದೃಷ್ಟವಿದ್ದರೆ ಮೇಜಿನ ಗಾಜಿನ ಕೆಳಗೆ ವಿಡಿಯೋ ಗೇಮಿನ ಪರದೆ ಇರುತ್ತದೆ. 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ಬಂದಾಗ ದೇಶದ ತುಂಬಾ ಕಿಸ್ಸಾತೆನ್‌ಗಳು ಮೇಜು ತೆಗೆದು ಆಟದ ಯಂತ್ರ ಹಾಕಿದ್ದವು; ನೂರು ಯೆನ್ ನಾಣ್ಯ ಹಾಕಿ ಅದರ ಮೇಲೇ ಕಾಫಿ ಇಟ್ಟುಕೊಂಡು ಆಡುತ್ತಿದ್ದರು. ಈಗ ಹೆಚ್ಚಿನವು ಕೆಟ್ಟು ಬರೀ ಮೇಜಾಗಿವೆ.

ನೀವು ಕೂರುತ್ತಿದ್ದಂತೆ ತಣ್ಣೀರಿನ ಲೋಟ ಬರುತ್ತದೆ, ಜೊತೆಗೆ ಸುರುಳಿ ಸುತ್ತಿದ ಒದ್ದೆ ಬಟ್ಟೆ. ಬಟ್ಟೆ ಕೈ ಒರೆಸಿಕೊಳ್ಳಲು. ನೀರು ಕುಡಿದು ಮುಗಿಸಿದರೆ ಕೇಳದೆಯೇ ಮತ್ತೆ ತುಂಬುತ್ತಾರೆ. ನಿಮ್ಮನ್ನು ಯಾರೂ ನೋಡುತ್ತಿಲ್ಲ ಅನ್ನಿಸುತ್ತದೆ. ಲೋಟ ಮಾತ್ರ ಖಾಲಿಯಾಗುವುದಿಲ್ಲ. ಈ ಅಂಗಡಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಊರಿನಲ್ಲಿ ಉಪಚಾರ ಅಂದರೆ ಮಾತು: ಇನ್ನೊಂದು ಹಾಕಿಕೊಳ್ಳಿ, ಮತ್ತೇನು ಸಮಾಚಾರ, ಮನೆ ಕಡೆ ಎಲ್ಲ ಹುಷಾರಾ. ಇಲ್ಲಿ ಉಪಚಾರ ಅಂದರೆ ನಿಮ್ಮ ಪಾಡಿಗೆ ನಿಮ್ಮನ್ನು ಬಿಡುವುದು, ಆದರೆ ಕಣ್ಣಿಟ್ಟು ಬಿಡುವುದು. ಪರದೇಶದಲ್ಲಿ ಒಬ್ಬಂಟಿಯಾಗಿದ್ದ ಮೊದಲ ವರ್ಷ ನನ್ನನ್ನು ಉಳಿಸಿದ್ದು ಆ ಲೋಟದ ನೀರು ಅಂದರೆ ನನ್ನ ಗಂಡ ನಗುತ್ತಾನೆ. ಅವನು ಆಗಿನ್ನೂ ಬೆಂಗಳೂರಲ್ಲಿದ್ದ, ಅವನಿಗೇನು ಗೊತ್ತು.

ಯಜಮಾನರನ್ನು 'ಮಾಸ್ತಾ' ಅನ್ನುತ್ತಾರೆ, ಹೆಂಗಸಾದರೆ 'ಮಾಮಾ'. ಮೊದಲ ದಿನವೇ ಹಾಗೆ ಕರೆಯಬೇಡಿ. 'ಸುಮಿಮಾಸೆನ್' ಅಂದರೆ ಸಾಕು, ನಮ್ಮ 'ಸ್ವಲ್ಪ ಇಲ್ಲಿ' ಇದ್ದ ಹಾಗೆ.

ಏನು ಹೇಳುವುದು

'ಬುರೆಂದೋ' ಅನ್ನಿ. ಬ್ಲೆಂಡ್ ಎಂಬ ಮಾತಿನ ಜಪಾನಿ ರೂಪ, ಆ ಅಂಗಡಿಯ ಸ್ವಂತ ಮಿಶ್ರಣ. ಪಟ್ಟಿಯಲ್ಲಿ ಬ್ರೆಜಿಲ್, ಕೊಲಂಬಿಯಾ, ಮ್ಯಾಂಡೆಲಿಂಗ್, ಕಿಲಿಮಂಜಾರೋ ಅಂತ ಉದ್ದಕ್ಕೂ ಇರುತ್ತದೆ, ಆಸೆಪಡಬೇಡಿ. ಬುರೆಂದೋ ಕುಡಿದರೆ ಆ ಮನುಷ್ಯನ ಕೈ ಗೊತ್ತಾಗುತ್ತದೆ. ಸಾರಿನ ಪುಡಿಯ ಹಾಗೆ, ಅದು ಮನೆಮನೆಗೆ ಬೇರೆ. ಒಂದು ಲೋಟಕ್ಕೆ ಸಾಧಾರಣ ಅಂಗಡಿಯಲ್ಲಿ 450ರಿಂದ 600 ಯೆನ್, ಹೆಸರಾದ ಕಡೆ ಸಾವಿರದ ಹತ್ತಿರ. 'ಅಮೆರಿಕನ್' ಅಂತ ಇದ್ದರೆ ಅದು ತೆಳು ಕಾಫಿ. ಒಸಾಕಾ ಕಡೆಯ ಮುದುಕರು ಐಸ್ ಕಾಫಿಗೆ 'ರೇಕೋ' ಅನ್ನುವುದನ್ನು ಕೇಳಿ ನಾನು ಆ ಹೆಸರಿನ ಯಾರೋ ಹುಡುಗಿಯನ್ನು ಕರೆಯುತ್ತಿದ್ದಾರೆ ಅಂದುಕೊಂಡಿದ್ದೆ.

ನಗೋಯಾದಲ್ಲಿ ಐಸ್ ಕಾಫಿ ಹೇಳಿದರೆ ಸ್ವಲ್ಪ ಎಚ್ಚರ. ಕೆಲವು ಅಂಗಡಿಗಳಲ್ಲಿ ಚಿಕ್ಕ ಕಪ್ಪಿನಲ್ಲಿ ಬಿಸಿಬಿಸಿ ಗಟ್ಟಿ ಕಾಫಿ, ಪಕ್ಕದಲ್ಲಿ ಬರೀ ಐಸು ತುಂಬಿದ ಗ್ಲಾಸು ತಂದಿಡುತ್ತಾರೆ. ಕಪ್ಪಿಗೆ ಸಕ್ಕರೆ ಹಾಕಿ ಕಲಕಿ, ನೀವೇ ಐಸಿನ ಮೇಲೆ ಸುರಿಯಬೇಕು. ಇದು ತಿಳಿಯದೆ ನಾನು ಕಪ್ಪನ್ನೇ ಎತ್ತಿ ಕುಡಿದೆ. ನಮ್ಮ ಡಿಕಾಕ್ಷನ್ನಿಗಿಂತ ಕಹಿ. ಅದನ್ನು ನುಂಗಿ, ಐಸಿಗೆ ಕುಡಿಯುವ ನೀರು ಹೊಯ್ದುಕೊಂಡು ಕೂತೆ. ಪಕ್ಕದ ಮೇಜಿನ ಅಜ್ಜಿ ನನ್ನ ಕಡೆ ನೋಡದೆ, ತಮ್ಮ ಕಪ್ಪನ್ನು ಬಹಳ ನಿಧಾನವಾಗಿ, ನನಗೆ ಕಾಣುವ ಹಾಗೆ, ಐಸಿನ ಮೇಲೆ ಸುರಿದರು.

ಬಿಸಿ ಕಾಫಿಯ ಜೊತೆ ಹೆಬ್ಬೆರಳಿನಷ್ಟು ಸ್ಟೀಲ್ ಜಗ್ಗಿನಲ್ಲಿ ಕ್ರೀಮ್ ಬರುತ್ತದೆ. ಹಾಲಿಲ್ಲದೆ ಗಂಟಲಿಗಿಳಿಯದು ಅನ್ನುವವರು ಕೂಡ ಮೊದಲ ಮೂರು ಗುಟುಕು ಹಾಗೇ ಕುಡಿಯಿರಿ. ಇಲ್ಲಿ ಚಿಕೋರಿ ಇಲ್ಲ. ಹುರಿದದ್ದು ಕಪ್ಪಾಗುವ ತನಕ, ಹಾಗಾಗಿ ಕಹಿಯಿದೆ, ಹುಳಿ ಕಡಿಮೆ. ಆಮೇಲೆ ಕಾಫಿಯನ್ನು ಚಮಚದಲ್ಲಿ ಒಂದು ಸುತ್ತು ತಿರುಗಿಸಿ, ಸುಳಿ ನಿಲ್ಲುವ ಮೊದಲು ಅಂಚಿನಿಂದ ಕ್ರೀಮ್ ಇಳಿಸಿ, ಮತ್ತೆ ಕಲಕಬೇಡಿ. ಬಿಳಿ ಗೆರೆ ತಾನೇ ಸುತ್ತಿಕೊಂಡು ಹೋಗುತ್ತದೆ. ನಮಗೆ ಬೇಕಾದ ಹಾಲಿನ ಕಾಫಿಯೇ ಬೇಕಾದರೆ 'ಕಾಫೆ ಓರೆ' ಕೇಳಿ. ಅದು ನಮ್ಮ ಫಿಲ್ಟರ್ ಕಾಫಿ ಅಂದುಕೊಂಡು ಕುಡಿದರೆ ಬೇಸರ, ಬೇರೆಯೇ ಪದಾರ್ಥ ಅಂದುಕೊಂಡರೆ ಸೊಗಸು.

ಬೀಜದ ಅಂಗಡಿಯ ಪಟ್ಟಿಯಲ್ಲಿ ಒಮ್ಮೆ 'ಮೈಸೋರು' ಅಂತ ಕಂಡಿತು. ನೂರು ಗ್ರಾಂ ಕಟ್ಟಿಸಿಕೊಂಡೆ. ನಮ್ಮನೆಯವರು ಮೂಟೆಗಟ್ಟಲೆ ಮಾರಿದ್ದನ್ನು ನಾನು ನೂರು ಗ್ರಾಂ ಲೆಕ್ಕದಲ್ಲಿ ಕೊಂಡದ್ದನ್ನು ಅಪ್ಪನಿಗೆ ಹೇಳಿಲ್ಲ.

ಇನ್ನು ತಿಂಡಿ. ಸಸ್ಯಾಹಾರಿಗಳೇ, ಗಮನವಿಟ್ಟು ಓದಿ. 'ನಾಪೊರಿತಾನ್' ಅಂದರೆ ಟೊಮೆಟೊ ಕೆಚಪ್ಪಿನಲ್ಲಿ ಹೊರಳಿಸಿದ ಸ್ಪಗೆಟ್ಟಿ. ಹೆಸರು ಇಟಲಿಯದ್ದಾದರೂ ಯುದ್ಧಾನಂತರ ಜಪಾನಿನಲ್ಲೇ ಹುಟ್ಟಿದ್ದು, ಒಳಗೆ ಹ್ಯಾಮೋ ಸಾಸೇಜೋ ಇದ್ದೇ ಇರುತ್ತದೆ. ಕರಿ ಅನ್ನದಲ್ಲಿ ತರಕಾರಿ ಮಾತ್ರ ಕಂಡರೂ ಗೊಜ್ಜು ಮಾಂಸದ್ದು. ಕಾಫಿ ಜೆಲ್ಲಿಯಲ್ಲಿ ಸಾಮಾನ್ಯವಾಗಿ ಜೆಲಟಿನ್. ಗಟ್ಟಿ ಪುಡಿಂಗು ಮೊಟ್ಟೆಯದ್ದು, ಮೊಟ್ಟೆ ತಿನ್ನುವವರು ಬಿಡಬೇಡಿ, ಮೇಲಿನ ಕ್ಯಾರಮೆಲ್ ಕಹಿಯಾಗಿರುತ್ತದೆ. ಹ್ಯಾಮ್ ಬೇಡ ಅನ್ನಲು 'ಹಾಮು ನುಕಿ ದೆ', ಮೊಟ್ಟೆ ಬೇಡ ಅನ್ನಲು 'ತಮಾಗೋ ನುಕಿ ದೆ'. ಹೆಚ್ಚು ಭಯವಿಲ್ಲದ್ದು ದಪ್ಪ ಬೆಣ್ಣೆ ಟೋಸ್ಟು ಮತ್ತು ಹಸಿರು ಕ್ರೀಮ್ ಸೋಡಾ.

ಬೆಳಗಿನ ಹೊತ್ತು, ನಗೋಯಾದಲ್ಲಿ

ಬೇರೆ ಊರಿಗೆ ಹೋಗುವವರೂ ಒಂದು ಬೆಳಿಗ್ಗೆ ನಗೋಯಾದಲ್ಲಿ ಇಳಿಯಿರಿ. ಇಲ್ಲಿ ಬೆಳಿಗ್ಗೆ ಕಾಫಿ ಹೇಳಿದರೆ ಟೋಸ್ಟು, ಬೇಯಿಸಿದ ಮೊಟ್ಟೆ ಕಾಫಿಯ ಬೆಲೆಯಲ್ಲೇ ಬರುತ್ತದೆ. ಇದಕ್ಕೆ 'ಮೋನಿಂಗು' ಅಂತಲೇ ಹೆಸರು. ಹೆಚ್ಚಿನ ಕಡೆ ಹನ್ನೊಂದರವರೆಗೆ. ಇದರ ತವರು ಪಕ್ಕದ ಇಚಿನೋಮಿಯಾ ಅನ್ನುತ್ತಾರೆ. ಅದು ಮಗ್ಗದ ಊರು. ಯುದ್ಧ ಮುಗಿದ ಮೇಲೆ ಬಟ್ಟೆ ವ್ಯಾಪಾರ ಭರಾಟೆಯಲ್ಲಿದ್ದಾಗ ಗಿರಣಿಯೊಳಗಿನ ಸದ್ದಿಗೆ ಮಾತು ಕೇಳಿಸದೆ, ಮಾಲೀಕರು ಗಿರಾಕಿಗಳನ್ನು ಕಾಫಿ ಅಂಗಡಿಗೆ ಕರೆದುಕೊಂಡು ಬಂದು ವ್ಯವಹಾರ ಕುದುರಿಸುತ್ತಿದ್ದರು. ದಿನಕ್ಕೆ ನಾಲ್ಕು ಸಲ ಬರುವ ಗಿರಾಕಿಗೆ ಅಂಗಡಿಯವರು ಬೆಳಿಗ್ಗೆ ಕಡಲೆಕಾಯಿ, ಮೊಟ್ಟೆ ಕೊಡಲು ಶುರು ಮಾಡಿದರು. ಗದ್ದಲ ತಪ್ಪಿಸಿಕೊಂಡು ಬಂದವರಿಗಾಗಿ ಹುಟ್ಟಿದ ಪದ್ಧತಿ ಇದು. ತೊಯೊಹಾಶಿಯವರು ತಮ್ಮೂರಲ್ಲೇ ಮೊದಲು ಅನ್ನುತ್ತಾರೆ; ಮೈಸೂರು ಪಾಕಿನ ಹಾಗೆ, ಅದು ಬಗೆಹರಿಯುವ ಜಗಳವಲ್ಲ.

ಹೋದ ವರ್ಷ ತೀರ್ಥಹಳ್ಳಿಯಿಂದ ಅತ್ತೆ ಬಂದಿದ್ದರು. ಮೊಟ್ಟೆ ಬೇಡ ಅಂತ ಹೇಳಿ ಅವರಿಗೆ ಒಗುರಾ ಟೋಸ್ಟ್ ತರಿಸಿದೆ. ದಪ್ಪ ಬ್ರೆಡ್ಡು, ಮೇಲೆ ಬೆಣ್ಣೆ, ಅದರ ಮೇಲೆ ಅಜುಕಿ ಎಂಬ ಕೆಂಪು ಕಾಳನ್ನು ಸಕ್ಕರೆಯಲ್ಲಿ ಬೇಯಿಸಿ ಅರ್ಧ ಜಜ್ಜಿದ್ದು. ಅತ್ತೆ ಚಮಚದ ತುದಿಯಲ್ಲಿ ಮುಟ್ಟಿ ನೋಡಿದರು.

"ಎಂತದೇ ಇದು?"

"ಹೂರಣ, ಅತ್ತೆ."

"ಬ್ರೆಡ್ಡಿನ ಮೇಲೆ ಹೂರಣವಾ? ಕಣಕ ಮಾಡಲಿಕ್ಕೆ ಸೋಂಬೇರಿತನ ಇವರಿಗೆ." ಒಂದು ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏಲಕ್ಕಿ ಹಾಕಬೇಕಿತ್ತು. ಬೆಣ್ಣೆ ಉಪ್ಪಿನದ್ದಲ್ಲವಾ, ಅದು ಚೆನ್ನಾಗಿ ಹೊಂದಿತು ನೋಡು." ಆಮೇಲೆ ಪೂರಾ ತಿಂದರು. ಮರುದಿನ ಬೆಳಿಗ್ಗೆ ಏಳಕ್ಕೇ ಸೀರೆ ಉಟ್ಟು, ಸ್ವೆಟರ್ ಹಾಕಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಆ ಹೂರಣದ ಅಂಗಡಿ ತೆಗೆದಿರ್ತದಾ?"

ಮೂರನೇ ದಿನ ನಾನು ಅವರಿಗೆ ಕಾಫಿ ಚೀಟಿ ಕೊಡಿಸಿದೆ. ಹತ್ತು ಕಾಫಿಯ ದುಡ್ಡು ಕೊಟ್ಟರೆ ಹನ್ನೊಂದು ಚೀಟಿಯ ಪುಸ್ತಕ. ಅದನ್ನು ಮನೆಗೆ ತರುವಂತಿಲ್ಲ ಅಂತಲ್ಲ, ಆದರೆ ಇಲ್ಲಿನವರು ಹೆಸರು ಬರೆಸಿ ಅಂಗಡಿಯ ಗೋಡೆಗೇ ನೇತುಹಾಕಿ ಹೋಗುತ್ತಾರೆ. ನೀವು ಬಂದಾಗ ಮಾಸ್ತಾ ಒಂದು ಹರಿದುಕೊಳ್ಳುತ್ತಾರೆ. ಗೋಡೆ ನೋಡಿದರೆ ಆ ಕೇರಿಯ ಹಾಜರಿ ಪುಸ್ತಕ. ಅತ್ತೆಯ ಹೆಸರನ್ನು ಮಾಸ್ತಾ ಕಷ್ಟಪಟ್ಟು ಜಪಾನಿ ಅಕ್ಷರದಲ್ಲಿ ಬರೆದರು, 'ಲ' ಇಲ್ಲದ ಭಾಷೆಯಲ್ಲಿ ಲಲಿತಮ್ಮ ರರಿತಮ್ಮ ಆದರು. ಅವರು ಊರಿಗೆ ಹೊರಟಾಗ ನಾಲ್ಕು ಚೀಟಿ ಉಳಿದಿತ್ತು. ಅದಿನ್ನೂ ಅಲ್ಲೇ ಇದೆ. ನಾನು ಒಂದು ಉಪಯೋಗಿಸಲಾ ಅಂತ ಕೇಳಿದ್ದಕ್ಕೆ ಮಾಸ್ತಾ, ಅದು ನಿಮ್ಮದಲ್ಲವಲ್ಲ, ಅಂದರು.

ಎಷ್ಟು ಹೊತ್ತು

ಒಂದು ಕಾಫಿಗೆ ಒಂದು ಗಂಟೆ ಧಾರಾಳ. ನಿಮ್ಮ ದುಡ್ಡಿನಲ್ಲಿ ಮುಕ್ಕಾಲು ಪಾಲು ಕುರ್ಚಿಯ ಬಾಡಿಗೆ ಅಂದುಕೊಳ್ಳಿ. ಒಂದೂವರೆ ದಾಟಿದರೆ ಇನ್ನೊಂದು ಕಾಫಿ ಹೇಳುವುದು ಮರ್ಯಾದೆ. ಜನ ಕಾಯುತ್ತಿದ್ದರೆ ಎದ್ದುಬಿಡಿ. ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಸುತ್ತ ನೋಡಿ. ಯಾರೂ ಬಿಚ್ಚಿಲ್ಲವಾದರೆ ಬೇಡ. ನಾನು ಕಾಗದದಲ್ಲಿ ಮುದ್ರಿಸಿಕೊಂಡು ಹೋಗಿ ಪೆನ್ನಿನಲ್ಲಿ ತಿದ್ದುತ್ತೇನೆ, ಕೀಲಿಯ ಟಕಟಕ ಅಲ್ಲಿ ಬಹಳ ಜೋರು ಕೇಳಿಸುತ್ತದೆ. ಫೋನ್ ಬಂದರೆ ಹೊರಗೆ. ನಮ್ಮವರು ನಾಲ್ಕು ಜನ ಸೇರಿದರೆ ದನಿ ತಾನಾಗಿ ಏರುತ್ತದೆ, ಹಾಗಾಗಿ ಇಬ್ಬಿಬ್ಬರಾಗಿ ಹೋಗುವುದು ಲೇಸು. ಫೋಟೋಕ್ಕೆ ಕೇಳಿ, ನಿಮ್ಮ ಲೋಟದ್ದಾದರೂ ಕೇಳಿ. ಟೋಕಿಯೋದ ಶಿಬುಯಾದಲ್ಲಿ 1926ರಲ್ಲಿ ಶುರುವಾದ 'ಲಯನ್' ಎಂಬ ಅಂಗಡಿಯಲ್ಲಂತೂ ಮಾತೂ ಇಲ್ಲ, ಫೋಟೋವೂ ಇಲ್ಲ. ಎರಡು ಮಹಡಿ ಎತ್ತರದ ಸ್ಪೀಕರುಗಳಿಗೆ ಎದುರಾಗಿ, ರೈಲಿನ ಸೀಟಿನ ಹಾಗೆ, ಕುರ್ಚಿ ಹಾಕಿದ್ದಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿ, ಕಾಫಿ ಕುಡಿದು, ಎದ್ದು ಬರಬೇಕು.

ಬೇರೆ ಊರಿನ ಹೆಸರು ಕೇಳುವವರಿಗೆ ಚಿಕ್ಕದಾಗಿ: ಟೋಕಿಯೋದಲ್ಲಿ ಪುಸ್ತಕದಂಗಡಿಗಳ ಜಿಂಬೋಚೋಗೆ ಹೋಗಿ, 'ಲಾದ್ರಿಯೋ', 'ಸಾಬೋರು' ಎರಡೂ ನಡೆಯುವ ದೂರ. ಕ್ಯೋಟೋದಲ್ಲಿ 'ಇನೋದಾ' ಮತ್ತು 1934ರ 'ಫ್ರಾಂಸುವಾ'. ಗಿಂಜಾದ 'ಕಾಫೆ ದೆ ಲಾಂಬ್ರ್' 1948ರಿಂದ ಕಾಫಿ ಬಿಟ್ಟು ಬೇರೇನೂ ಕೊಡದ ಅಂಗಡಿ. ಅದನ್ನು ಕಟ್ಟಿದ ಸೆಕಿಗುಚಿ ಇಚಿರೋ 2018ರಲ್ಲಿ 103ನೇ ವಯಸ್ಸಿಗೆ ತೀರಿಕೊಂಡರು. ಹಸಿ ಬೀಜವನ್ನು ಹತ್ತಾರು ವರ್ಷ ಹಳೆಯದು ಮಾಡಿ ಹುರಿಯುವುದು ಅವರ ಪಂಥ. ಬೀಜಕ್ಕೆ ಒಂದು ಮಳೆಗಾಲ ದಾಟಿದರೆ ರೇಟು ಬಿತ್ತು ಅಂತ ಒದ್ದಾಡುವ ನಮ್ಮಪ್ಪನಿಗೆ ಇದನ್ನು ನಂಬಿಸಲು ನನ್ನಿಂದಾಗಿಲ್ಲ.

ಎದ್ದು ಹೊರಡುವಾಗ ಮೇಜಿನ ಮೇಲಿನ ಬಿಲ್ಲಿನ ಚೀಟಿಯನ್ನು ನೀವೇ ಗಲ್ಲಾಕ್ಕೆ ಒಯ್ಯಿರಿ. ನಗದು ಇಟ್ಟುಕೊಂಡಿರಿ, ಕಾರ್ಡು ನಡೆಯದ ಕಡೆಯೇ ಹೆಚ್ಚು. ದುಡ್ಡನ್ನು ಕೈಗೆ ಕೊಡದೆ ಅಲ್ಲಿರುವ ಪುಟ್ಟ ತಟ್ಟೆಯಲ್ಲಿಡಿ. ಟಿಪ್ಸು ಬಿಡಬೇಡಿ, ಹಿಂದೆಯೇ ಓಡಿಬಂದು ವಾಪಸು ಕೊಡುತ್ತಾರೆ. 'ಗೊಚಿಸೋಸಮಾ' ಅನ್ನಿ. ಬಾಯಿಗೆ ಹಿಡಿಸಿತು ಅಂತ ಅವರಿಗೆ ಗೊತ್ತಾಗಲಿ.

ಮನೆಯಲ್ಲಿ: ಬಟ್ಟೆ ಕಾಫಿ

ಜಪಾನಿಗೆ ಬರಲಾಗದವರು ಒಂದನ್ನು ಮಾಡಿ ನೋಡಬಹುದು. ಹಳೇ ಕಿಸ್ಸಾತೆನ್‌ಗಳ ಹೆಮ್ಮೆ 'ನೆರು', ಅಂದರೆ ಫ್ಲ್ಯಾನೆಲ್ ಬಟ್ಟೆಯ ಚೀಲದಲ್ಲಿ ಇಳಿಸಿದ ಕಾಫಿ. ಮೊದಲ ಸಲ ಮಾಸ್ತಾ ಆ ಚೀಲ ಎತ್ತಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ. ಕಂಬಿಯ ಬಳೆ, ಮರದ ಹಿಡಿ, ಇಳಿಬಿದ್ದ ಕಂದು ಚೀಲ. ನಮ್ಮಜ್ಜಿಯ ಕಾಫಿ ಸೋಸುವ ಬಟ್ಟೆ! ಸ್ಟೀಲ್ ಫಿಲ್ಟರು ಬರುವ ಮುಂಚೆ ನಮ್ಮನೆಯಲ್ಲಿ ಅದರಲ್ಲೇ ಸೋಸಿ, ಬೆಲ್ಲ ಹಾಕಿ ಕೊಡುತ್ತಿದ್ದರು.

ಚಿಕೋರಿ ಬೆರೆಸದ ಪುಡಿ ಬೇಕು, ಕಪ್ಪಗೆ ಹುರಿಸಿದ್ದು, ಉಪ್ಪಿಟ್ಟಿನ ರವೆಯಷ್ಟು ತರಿ. ಫಿಲ್ಟರ್ ಕಾಫಿಯ ನುಣ್ಣನೆ ಪುಡಿ ಹಾಕಿದರೆ ಬಟ್ಟೆ ಕಟ್ಟಿಕೊಂಡು ಒಂದು ಹನಿಯೂ ಇಳಿಯುವುದಿಲ್ಲ. ಒಂದು ಬದಿ ಜುಂಗಿರುವ ದಪ್ಪ ಹತ್ತಿ ಫ್ಲ್ಯಾನೆಲ್ ತಂದು ಕೋನದ ಆಕಾರಕ್ಕೆ ಹೊಲಿಸಿ. ಜುಂಗು ಒಳಗೋ ಹೊರಗೋ ಅಂತ ಇಲ್ಲಿ ಎರಡು ಪಕ್ಷವಿದೆ, ನಾನು ಹೊರಗಿನ ಪಕ್ಷ. ಹೊಸ ಬಟ್ಟೆಯನ್ನು ಒಂದು ಚಮಚ ಕಾಫಿ ಪುಡಿ ಹಾಕಿದ ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ಗಂಜಿಯ ವಾಸನೆ ಹೋಗುತ್ತದೆ. ಹಿಂಡಿ, ಒಣ ಟವೆಲಿನ ನಡುವೆ ಒತ್ತಿ ನೀರು ತೆಗೆಯಿರಿ.

30 ಗ್ರಾಂ ಪುಡಿಗೆ 150 ಮಿಲಿ ಕಾಫಿ ಇಳಿಯಬೇಕು. ಹೌದು, ಅಷ್ಟೇ. ಕುದಿಯುವ ನೀರು ಬೇಡ, 80ರಿಂದ 85 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಎರಡು ತಣ್ಣನೆ ಪಾತ್ರೆಗೆ ಬದಲಿಸಿ. ಮೂತಿ ಸಣ್ಣದಿರುವ ಜಗ್ಗಿನಿಂದ ಪುಡಿಯ ನಡುಮಧ್ಯಕ್ಕೆ ಹನಿ ಹನಿಯಾಗಿ ಬಿಡಿ. ಸುರಿಯುವುದಲ್ಲ, ಹನಿ. ಮಗುವಿನ ಕಣ್ಣಿಗೆ ಔಷಧಿ ಬಿಡುವ ಹಾಗೆ. ಪುಡಿ ಉಸಿರೆಳೆದುಕೊಂಡಂತೆ ಉಬ್ಬುತ್ತದೆ. ಅರ್ಧ ನಿಮಿಷ ಬಿಟ್ಟು ದಾರದಂಥ ಧಾರೆ ಹಿಡಿದು, ಹತ್ತು ರೂಪಾಯಿ ನಾಣ್ಯದಷ್ಟು ಅಗಲದಲ್ಲೇ ಸುತ್ತಿಸಿ. ಬಟ್ಟೆಗೆ ನೀರು ತಾಗಬಾರದು, ಪುಡಿಯೇ ಅಂಚಿನಲ್ಲಿ ಗೋಡೆಯಾಗಿ ನಿಲ್ಲಬೇಕು. ಕೆಳಗೆ ಎಳ್ಳೆಣ್ಣೆಯಂಥ ದಪ್ಪ ಕಾಫಿ ಕಟ್ಟತೊಡಗುತ್ತದೆ. ಮೇಲಿನ ನೊರೆ ಕಂದು ಬಿಟ್ಟು ಬೆಳ್ಳಗಾದರೆ ಮುಗಿಯಿತು. ಒಳಗೆ ನೀರಿದ್ದರೂ ಚೀಲ ಎತ್ತಿಬಿಡಿ. ನನಗೆ ಕಷ್ಟವಾದದ್ದು ಇದೊಂದೇ. ಅಜ್ಜಿ ಚೀಲವನ್ನು ಇಕ್ಕಳದಲ್ಲಿ ಒತ್ತಿ ಕೊನೆಯ ಹನಿವರೆಗೂ ಹಿಂಡುತ್ತಿದ್ದರು, ಇಲ್ಲಿ ಕೊನೆಯ ಹನಿಯೇ ಬೇಡ.

ಬಟ್ಟೆಗೆ ಸೋಪು ಮುಟ್ಟಿಸಬೇಡಿ, ಒಣಗಲೂ ಬಿಡಬೇಡಿ. ಒಣಗಿದರೆ ಅದರಲ್ಲಿರುವ ಕಾಫಿ ಎಣ್ಣೆ ಕಮಟು ಹಿಡಿಯುತ್ತದೆ. ಬರೀ ನೀರಲ್ಲಿ ಜಾಲಿಸಿ, ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ನೀರನ್ನು ದಿನಾ ಬದಲಿಸಿ. ಮೇಲೆ ಹೆಸರು ಬರೆದಿಡುವುದು ಒಳ್ಳೆಯದು. ಅತ್ತೆ ಒಂದು ದಿನ ಮಸಿಬಟ್ಟೆ ಅಂತ ನನ್ನದನ್ನು ಸರ್ಫ್ ಹಾಕಿ ತಿಕ್ಕಿ ಬಿಸಿಲಿಗೆ ಹಾಕಿದ್ದರು.

ಇಳಿಯುವುದು ನಿಧಾನವಾದರೆ ಬಟ್ಟೆ ಬದಲಿಸುವ ಕಾಲ ಬಂತು ಅಂತ. ಇಲ್ಲಿ ಮೂರು ಚೀಲದ ಕಟ್ಟು ಸಿಗುತ್ತದೆ. ಆದರೆ ಈ ವಿಷಯ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಅಟ್ಟ ಹತ್ತಿ ಹುಡುಕಿಸಿದ್ದಾಳೆ. ಅಜ್ಜಿಯ ಬಟ್ಟೆ ಯಾವತ್ತೋ ಹೋಗಿದೆ, ಕಂಬಿಯ ಬಳೆ ಮಾತ್ರ ಹಿಡಿಯ ಸಮೇತ ಸಿಕ್ಕಿತಂತೆ, ತುಕ್ಕು ಸ್ವಲ್ಪ. ಬಟ್ಟೆಯ ಅಳತೆ ಕಳಿಸು, ಹೊಲಿದು ಇಡುತ್ತೇನೆ, ಅಂದಿದ್ದಾಳೆ. ಜುಂಗು ಒಳಗಾ ಹೊರಗಾ ಅಂತಲೂ ಕೇಳಿದ್ದಾಳೆ.